ಬೀಜಕ್ಕೆ ಮಿಂಚಿನ ಸಂಸ್ಕಾರ

ಹೊರನೋಟಕ್ಕೆ ತುಂಬಿದ ತೆನೆಯಂತೆಯೇ ಇದ್ದು, ಕಾಳನ್ನು ಹಿಸುಕಿದೊಡನೆ ಹಿಟ್ಟಿಗೆ ಬದಲಾಗಿ ಕೊಳೆತ ಮೀನಿನ ನಾತವುಳ್ಳ ಕರಿಯ ಪುಡಿ ಉದುರುವ ಗೋಧಿಯ ಕಾಡಿಗೆ ರೋಗವು ಯೂರೋಪಿನ ಒಕ್ಕಲಿಗರನ್ನು ಶತಮಾನಗಳ ಕಾಲ ಪೀಡಿಸಿತು. ಮಂಜೂ ಕೆಟ್ಟ ಹವೆಯೂ ಅದಕ್ಕೆ ಕಾರಣವೆಂದು ಜನ ನಂಬಿದ್ದ ದಿನಗಳಲ್ಲಿ, ಫ್ರಾನ್ಸಿನ ಮಾತ್ಯೂ ತಿಯೆ ಎಂಬಾತನು ಒಳ್ಳೆಯ ಬೀಜಕ್ಕೆ ಆ ಪುಡಿಯನ್ನೇ ಸವರಿ ಕೆಲವು ಪಾತಿಗಳಲ್ಲಿಯೂ, ಉಪ್ಪು ಸುಣ್ಣಗಳ ನೀರಿನಿಂದ ಶುದ್ಧಿಗೊಳಿಸಿದ ಬೀಜವನ್ನು ಬೇರೆ ಪಾತಿಗಳಲ್ಲಿಯೂ ಬಿತ್ತಿ, ರೋಗವು ಬೀಜದ ಮೈಗಂಟಿಯೇ ಬರುವುದೆಂಬುದನ್ನು 1755ರಲ್ಲಿ ಪ್ರಕಟಪಡಿಸಿದನು. ಆ ಪುಡಿಯ ಕಣಗಳು ಸಜೀವವಾದ ಶಿಲೀಂಧ್ರದ ಬೀಜಾಣುಗಳೆಂದೂ, ತಾಮ್ರದ ಸಂಪರ್ಕ ಪಡೆದ ನೀರಿನಲ್ಲಿ ಅವು ಮೊಳೆಯಲಾರವೆಂದೂ 1807ರಲ್ಲಿ ತೋರಿಸಿಕೊಟ್ಟವನು ಬೆನೆಡಿಕ್ಟ್ ಪ್ರೆವೋ. ಮೈಲುತುತ್ತದ ದ್ರಾವಣದಲ್ಲಿ ಬೀಜವನ್ನದ್ದುವ ಪದ್ಧತಿಗೆ ಶಾಸ್ತ್ರದ ಆಧಾರ ದೊರೆತದ್ದು ಹೀಗೆ. ನಮ್ಮ ಜೋಳದ ಕಾಡಿಗೆ ರೋಗಕ್ಕೆ ಬಿತ್ತುವ ಮುನ್ನ ಗಂಧಕದ ಪುಡಿ ಲೇಪಿಸುವ ಕ್ರಮವೂ ಇದೇ ತತ್ತ್ವವನ್ನು ಅನುಸರಿಸಿದ್ದು.

ತಾಮ್ರದ ಬಳಿಕ ಪಾದರಸ ಬಂದಿತು. ಅದರ ಸಾವಯವ ಲವಣಗಳು 1915ರ ಸುಮಾರಿಗೆ ಜರ್ಮನಿಯಲ್ಲಿ ಬೀಜೋಪಚಾರಕ್ಕೆ ಬಳಕೆಗೆ ಬಂದು, ಅಗ್ಗವೂ ಪರಿಣಾಮಕಾರಿಯೂ ಆಗಿದ್ದುದರಿಂದ ದೇಶದೇಶಗಳಿಗೆ ಹಬ್ಬಿದವು. ಅದಕ್ಕೆ ತೆತ್ತ ಬೆಲೆಯಾದರೋ ಘೋರವಾದುದು. 1971ರಲ್ಲಿ ಇರಾಕಿಗೆ ಬಿತ್ತನೆಗೆಂದು ಬಂದ, ಪಾದರಸ ಲೇಪಿಸಿ ಕೆಂಪುಬಣ್ಣ ಹಚ್ಚಿದ ಗೋಧಿ ಹಲವೆಡೆ ಬಿತ್ತನೆಯ ಹದ ಮೀರಿದ ಮೇಲೆ ಹಳ್ಳಿಗಳನ್ನು ಸೇರಿತು. ಚೀಲದ ಮೇಲಿದ್ದ ಎಚ್ಚರಿಕೆಯ ಮಾತು ಅಲ್ಲಿನವರು ಓದಬಲ್ಲ ಭಾಷೆಯಲ್ಲಿರಲಿಲ್ಲ. ತೊಳೆದಾಗ ಬಣ್ಣ ಹೋಯಿತು, ವಿಷ ಉಳಿಯಿತು; ತಾಯಂದಿರು ಅದನ್ನೇ ಬೀಸಿ ರೊಟ್ಟಿ ಸುಟ್ಟು ಮಕ್ಕಳಿಗೆ ಬಡಿಸಿದರು. ಆಸ್ಪತ್ರೆಗೆ ಸೇರಿದವರು 6,530 ಮಂದಿ. ಅವರಲ್ಲಿ 459 ಮಂದಿ ಮೃತರಾದರೆಂದು ಸರ್ಕಾರಿ ಲೆಕ್ಕ. ಪಾದರಸವನ್ನು ಹೊರದೂಡಿದ ಥೈರಮ್, ಕ್ಯಾಪ್ಟಾನ್ ಮೊದಲಾದ ಶಿಲೀಂಧ್ರನಾಶಕಗಳು ಅಷ್ಟು ಕ್ರೂರವಲ್ಲ, ನಿಜ. ಆದರೂ ಬೀಜದ ಮೇಲೆ ಉಳಿದು ಮಣ್ಣನ್ನು ಸೇರುವುದು ಅವುಗಳಿಗೂ ತಪ್ಪದು.

ತನ್ನ ಕೆಲಸ ಮುಗಿದೊಡನೆ ತಾನೂ ಇಲ್ಲವಾಗುವ ಉಪಚಾರವೊಂದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರವು ವಿದ್ಯುತ್ತಿನ ಶಾಸ್ತ್ರದಿಂದ ಬಂದಿತು. ಓಝೋನನ್ನು ಪಡೆಯಲೆಂದು ವರ್ನರ್ ಸೀಮೆನ್ಸ್ 1857ರಲ್ಲಿ ಗಾಜಿನ ತಡೆಗೋಡೆಯ ನಡುವೆ ವಿದ್ಯುದ್ವಿಸರ್ಜನೆಯನ್ನು ನಡೆಸಿದ್ದನು. ಇಂತಹ ವಿಸರ್ಜನೆಯಲ್ಲಿ ಉಂಟಾಗುವ ಅಯಾನೀಕೃತ ಅನಿಲಕ್ಕೆ ಪ್ಲಾಸ್ಮಾ ಎಂಬ ಹೆಸರನ್ನು 1928ರಲ್ಲಿ ಇಟ್ಟವನು ಅರ್ವಿಂಗ್ ಲ್ಯಾಂಗ್‌ಮ್ಯೂರ್. ಶೀತ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳು ಮಾತ್ರ ಸಾವಿರಾರು ಡಿಗ್ರಿಗಳ ಶಕ್ತಿಯಿಂದ ಧಾವಿಸುತ್ತಿದ್ದರೂ ಅನಿಲವು ಬೆಚ್ಚಗಿನ ಗಾಳಿಯನ್ನು ಮೀರದಾದ್ದರಿಂದ, ಬೀಜವನ್ನು ಸುಡದೆಯೇ ಅದರ ಮೈಯನ್ನು ಶುದ್ಧಿಗೊಳಿಸಬಹುದಾಗಿದೆ. ಒಳಗೆ ವಿದ್ಯುದಗ್ರಗಳನ್ನು ಹುದುಗಿಸಿದ ಪಿಂಗಾಣಿಯ ಫಲಕದ ಮೇಲೆ ನೇರಿಳೆ ಬೆಳಕಿನ ತೆಳುಪದರವೊಂದು ಹರಡುತ್ತದೆ; ಅದರ ಮೇಲೆ ಗೋಧಿಯ ಕಾಳುಗಳನ್ನು ಹೊರಳಾಡಿಸುತ್ತಾರೆ. ಗಾಳಿಯ ಆಮ್ಲಜನಕ, ಸಾರಜನಕಗಳಿಂದಲೇ ಹುಟ್ಟಿದ ಓಝೋನು, ನೈಟ್ರಿಕ್ ಆಕ್ಸೈಡ್ ಮುಂತಾದ ಉಗ್ರಕಣಗಳು ಬೀಜಾಣುವಿನ ಪೊರೆಯನ್ನು ಭೇದಿಸುತ್ತವೆ. ವಿದ್ಯುತ್ತನ್ನು ನಿಲ್ಲಿಸಿದ ಮೇಲೆ ಅವು ಬಹುಬೇಗ ಲಯವಾಗುವುವು.

2008ರಲ್ಲಿ ತುರ್ಕಿಯ ವಿಜ್ಞಾನಿಗಳು ಶೀತ ಪ್ಲಾಸ್ಮಾವನ್ನು ಬಳಸಿ ಧಾನ್ಯಗಳ ಮೇಲಿನ ಆಸ್ಪರ್ಜಿಲಸ್, ಪೆನಿಸಿಲಿಯಂ ಬೂಷ್ಟುಗಳನ್ನು, ಮೊಳೆಯುವ ಗುಣ ಕೆಡದಂತೆ, ಮೊದಲಿದ್ದುದರ ನೂರರಲ್ಲೊಂದು ಪಾಲಿಗಿಂತ ಕೆಳಕ್ಕೆ ಇಳಿಸಿದರು. ಸಂಸ್ಕಾರಗೊಂಡ ಸಿಪ್ಪೆಯು ನೀರನ್ನು ಬೇಗನೆ ಹೀರುವುದೆಂದು 2012ರಲ್ಲಿ ಇಸ್ರೇಲಿನಿಂದ ವರದಿಯಾಯಿತು.

ಇದರ ಮಿತಿಯನ್ನು ಮರೆಮಾಚುವುದು ಸಲ್ಲದು. ಭ್ರೂಣದೊಳಗೆ ಅಡಗಿರುವ ರೋಗಕ್ಕೆ ಈ ಬೆಳಕು ತಲುಪದು. ಬಿತ್ತಿದ ಬಳಿಕ ಮಣ್ಣಿನಿಂದ ಎರಗುವ ಶಿಲೀಂಧ್ರವನ್ನೂ ತಡೆಯದು. ಹೊತ್ತು ಮೀರಿದರೆ ಮೊಳಕೆಯೇ ಕುಂದುವುದು. ಕ್ವಿಂಟಾಲುಗಟ್ಟಲೆ ಬೀಜವನ್ನು ಪ್ರತಿ ಕಾಳಿನ ಎಲ್ಲ ಮಗ್ಗುಲಿಗೂ ಸಮನಾಗಿ ತಾಕುವಂತೆ ಸಂಸ್ಕರಿಸುವುದಂತೂ ಪ್ರಯೋಗಶಾಲೆಯ ಕೆಲಸದಷ್ಟು ಸುಲಭವಲ್ಲ. ಹಾಗಿದ್ದರೂ, ವಿಷವನ್ನು ಉಳಿಸದೆ ರೋಗವನ್ನು ಕಳೆಯುವ ದಾರಿ ಇದಾದುದರಿಂದ, ನಮ್ಮ ರಾಗಿ, ಜೋಳ, ತೊಗರಿಗಳ ಮೇಲೆ ರೈತರ ಹೊಲದಲ್ಲಿಯೇ ಇದನ್ನು ಪರೀಕ್ಷಿಸಿ ನೋಡುವುದು ಅವಶ್ಯ. ಅಲ್ಲಿಯವರೆಗೆ, ಔಷಧ ಲೇಪಿಸಿದ ಬಿತ್ತನೆ ಬೀಜ ಮಿಕ್ಕಿದರೆ ಅದು ಅಡುಗೆಮನೆಗಾಗಲಿ ಕೊಟ್ಟಿಗೆಗಾಗಲಿ ಸೇರದಂತೆ ಮನೆಮಂದಿಯೆಲ್ಲರೂ ಎಚ್ಚರವಹಿಸಬೇಕು.