ಒತ್ತೋ, ಉದ್ದವೋ?

ಮಾತಿನಲ್ಲಿ ಒಂದು ಅಕ್ಷರ ಅಕ್ಕಪಕ್ಕದವುಗಳಿಗಿಂತ ಎದ್ದು ಕೇಳಿದರೆ ಅದರ ಮೇಲೆ ಒತ್ತು ಬಿದ್ದಿದೆ ಎನ್ನುತ್ತಾರೆ. ಬರವಣಿಗೆಯ ಒತ್ತಕ್ಷರವೇ ಬೇರೆ, ಇದೇ ಬೇರೆ. ಇಂಗ್ಲಿಷಿನಲ್ಲಿ ಈ ಒತ್ತು ಅರ್ಥವನ್ನೇ ಬದಲಿಸಬಲ್ಲದು. 'ಪರ್ಮಿಟ್' ಪದದ ಮೊದಲ ಅಕ್ಷರ ಎದ್ದರೆ ಅದು ಲಾರಿ ಚಾಲಕನ ಬಳಿ ಇರುವ ಪರವಾನಗಿ. ಎರಡನೆಯದು ಎದ್ದರೆ ಅನುಮತಿ ಕೊಡುವ ಕ್ರಿಯೆ.

ಒತ್ತಿ ಹೇಳುವುದೆಂದರೆ ಜೋರಾಗಿ ಹೇಳುವುದು ಎಂದು ಸಾಮಾನ್ಯವಾಗಿ ತೋರುತ್ತದೆ. ಕಿವಿಯ ಲೆಕ್ಕ ಹಾಗಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೆನಿಸ್ ಫ್ರೈ ಇಂಥ ಪದಗಳನ್ನು ಯಂತ್ರದಿಂದ ನುಡಿಸಿ, ಸ್ವರದ ಉದ್ದ ಮತ್ತು ಜೋರನ್ನು ಬೇರೆಬೇರೆಯಾಗಿ ಹೆಚ್ಚುಕಡಿಮೆ ಮಾಡಿ ಕೇಳಿಸಿದರು. ಒತ್ತು ಎಲ್ಲಿದೆ ಎಂದು ಕೇಳುಗರು ತೀರ್ಮಾನಿಸಲು ಜೋರಿಗಿಂತ ಉದ್ದವೇ ಹೆಚ್ಚು ನೆರವಾಯಿತು ಎಂಬುದು 1955ರ ಫಲಿತಾಂಶ. ದನಿ ಏರಿದ ಕಡೆಗೆ ಕಿವಿ ಇನ್ನೂ ಬೇಗ ವಾಲುತ್ತದೆ ಎಂದು 1958ರಲ್ಲಿ ಅವರೇ ತೋರಿಸಿದರು.

ಕನ್ನಡದಲ್ಲಿ ಈ ಉದ್ದಕ್ಕೆ ಆಗಲೇ ಬೇರೆ ಕೆಲಸವಿದೆ. ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯ ಹೆಸರನ್ನೇ ನೋಡಬಹುದು. 'ಬ'ವನ್ನು ಒತ್ತಿದರೂ 'ಗ'ವನ್ನು ಒತ್ತಿದರೂ ಊರು ಅದೇ. 'ಬಮಿಗಟಿ' ಎಂದರೆ ಮಾತ್ರ ಕೇಳಿದವರು ಯಾವ ಊರು ಎಂದು ಮತ್ತೆ ಕೇಳುತ್ತಾರೆ. ಧಾರವಾಡದ ಮಾತಿನಲ್ಲಿ ಕತೆ 'ಕತಿ' ಆಗುತ್ತದೆ, ಕತ್ತೆ 'ಕತ್ತಿ' ಆಗುತ್ತದೆ. ಇವೆರಡನ್ನು ಬೇರ್ಪಡಿಸುವುದು ಆ ಒಂದು ತಕಾರದ ತಡೆ. (ಕತ್ತೆಯೂ ಖಡ್ಗವೂ ಒಂದೇ ಆಗಿಬಿಡುವುದು ಬೇರೆ ಮಾತು.)

ಹಳೆಯ ಛಂದಸ್ಸು ಅಳೆದದ್ದೂ ಇದನ್ನೇ. 10ನೆಯ ಶತಮಾನದ ನಾಗವರ್ಮನ 'ಛಂದೋಂಬುಧಿ'ಯ ಗುರು-ಲಘುಗಳು ಉದ್ದದ ಎಣಿಕೆ, ಜೋರಿನದಲ್ಲ. ಆ ಲೆಕ್ಕದಲ್ಲಿ ಬಮ್ಮಿಗಟ್ಟಿ ಗುರು, ಲಘು, ಗುರು, ಲಘು. ಒಟ್ಟು 6 ಮಾತ್ರೆ. ಒತ್ತಕ್ಷರದ ಹಿಂದಿನದು ಗುರು ಎಂಬುದು ನಿಯಮ. ಆದರೆ 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಶಿಥಿಲದ್ವಿತ್ವವನ್ನೂ ಹೇಳುತ್ತಾನೆ: 'ಅಮರ್ದು' ಎಂಬಂಥ ಪದದಲ್ಲಿ ಒತ್ತಕ್ಷರ ಸಡಿಲವಾಗಿ ಉಚ್ಚಾರವಾಗಿ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬಹುದು. ಓಲೆಯ ಮೇಲೆ ಕಂಡದ್ದಕ್ಕಿಂತ ಕಿವಿಗೆ ಕೇಳಿದ್ದನ್ನು ನಂಬಿದ ವ್ಯಾಕರಣ ಅದು.

ಹಾಗೆಂದು ಕನ್ನಡದಲ್ಲಿ ಒತ್ತೇ ಇಲ್ಲವೆಂದಲ್ಲ. ಅದು ಹಗುರವಾಗಿ ಪದದ ಮೊದಲಲ್ಲಿ ಕೂರುತ್ತದೆ. ಆಡುಮಾತಿನಲ್ಲಿ ಹುಡುಗ 'ಹುಡ್ಗ'ನಾಗುವಾಗ, ಬರುತ್ತಾನೆ 'ಬರ್ತಾನ' ಆಗುವಾಗ ಸವೆಯುವುದು ನಡುವಿನ, ಕೊನೆಯ ಸ್ವರಗಳು. ಮೊದಲ ಅಕ್ಷರ ಗಟ್ಟಿಯಾಗಿ ನಿಲ್ಲುತ್ತದೆ. ಜಾಗ ಮೊದಲೇ ಗೊತ್ತಿರುವ ಒತ್ತನ್ನು ಕೇಳುಗ ನೆನಪಿಡಬೇಕಾಗಿಲ್ಲ. ಫ್ರೆಂಚರ ಸ್ಥಿತಿಯೂ ಹೀಗೆಯೇ, ಅವರಲ್ಲಿ ಒತ್ತು ಕೊನೆಗೆ ಬೀಳುತ್ತದೆ. ಒತ್ತಿನಿಂದಷ್ಟೇ ಬೇರೆಯಾದ ಕಟ್ಟುಪದಗಳನ್ನು ಸ್ಪ್ಯಾನಿಶ್ ಭಾಷಿಕರು ಸುಲಭವಾಗಿ ಗುರುತಿಸಿದರೆ ಫ್ರೆಂಚರು ತಡವರಿಸಿದರು ಎಂದು ಎಮಾನುಯೆಲ್ ದುಪೂ ಮತ್ತು ಸಂಗಡಿಗರು 1997ರಲ್ಲಿ ವರದಿ ಮಾಡಿದರು. ಕಿವಿಯಲ್ಲಿ ಕೊರತೆಯಿಲ್ಲ, ತಾಯ್ನುಡಿಗೆ ಬೇಡದ ಭೇದವನ್ನು ಅದು ಬದಿಗಿಡುತ್ತದೆ.

ಒಂದು ಪದವನ್ನೇ ಎತ್ತಿ ಹೇಳಬೇಕಾದಾಗ ಇಂಗ್ಲಿಷಿನವರು ದನಿ ಏರಿಸುವಲ್ಲಿ ಕನ್ನಡಿಗರು 'ಏ' ಸೇರಿಸುತ್ತಾರೆ: ನಾನೇ ಬರುತ್ತೇನೆ. ಧಾರವಾಡದ ಕಡೆ ಇದು 'ನಾನಽ ಬರ್ತೀನಿ'. ಅಲ್ಲಿನ ಲೇಖಕರು ಅವಗ್ರಹ ಹಾಕಿ ತೋರಿಸುವುದು ಕೊನೆಯ ಸ್ವರದ ಎಳೆತವನ್ನು.