ಹುಲ್ಲು ಹೊಡೆದ ಮೇಲಿನ ಹತ್ತು ನಿಮಿಷ

ಹೋದ ವರ್ಷ ಮಹಾನವಮಿಯ ಬೆಳಿಗ್ಗೆ ಆಯುಧಪೂಜೆಗೆಂದು ಕತ್ತಿ, ಗುದ್ದಲಿ, ಹಾರೆ, ಔಷಧಿ ಹೊಡೆಯುವ ಪಂಪು ಎಲ್ಲವನ್ನೂ ಅಂಗಳಕ್ಕೆ ತಂದಿಟ್ಟೆ. ಕೊನೆಗೆ ಶೆಡ್ಡಿನ ಗೋಡೆಯಿಂದ ಹುಲ್ಲು ಹೊಡೆಯುವ ಮಷಿನ್ ಇಳಿಸಿದೆ. ಶ್ರಾವಣದಲ್ಲಿ ತೋಟದ ಹುಲ್ಲು ಹೊಡೆಸಿ ತೂಗುಹಾಕಿದ್ದನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ. ಬ್ಲೇಡಿನ ಮೇಲೆ ಕಾವಿ ಬಳಿದ ಹಾಗೆ ತುಕ್ಕು. ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ಬಿಚ್ಚಿ ತೊಳೆಯೋಣವೆಂದು ಪಾನಾ ಹಾಕಿದರೆ ನಟ್ಟು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

ಹಬ್ಬ ಮುಗಿಸಿ ಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ಗೇರ್‌ಹೆಡ್ ಬಿಚ್ಚಿ ನನ್ನ ಮುಂದೆ ಹಿಡಿದ. ಒಳಗಿನ ಗ್ರೀಸು ನೀರು ಸೇರಿ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು, ಬೇರಿಂಗಿನ ಗುಂಡುಗಳ ಮೈತುಂಬ ಕಂದು ಚುಕ್ಕೆ.

“ಭಟ್ರೇ, ಇದು ದುಡಿದು ಹಾಳಾದ ಮಷಿನ್ ಅಲ್ಲ. ದುಡಿಸಿ ಹಾಗೇ ಇಟ್ಟಿದ್ದಕ್ಕೆ ಹಾಳಾಗಿದ್ದು” ಅಂದ.

ಆ ಮಾತು ನನಗೆ ನಾಟಿತು. ನಮ್ಮ ಅಪ್ಪಯ್ಯ ಒಂದೇ ಹುಲ್ಲುಗತ್ತಿಯಲ್ಲಿ ಎಷ್ಟೋ ವರ್ಷ ಬ್ಯಾಣದ (ಹುಲ್ಲುಗಾವಲಿನ) ಕರಡ ಕೊಯ್ದವರು. ಹಿಡಿ ಎರಡು ಸಲ ಬದಲಾಗಿತ್ತು, ಕತ್ತಿ ಬದಲಾಗಿರಲಿಲ್ಲ. ಸಂಜೆ ಮನೆಗೆ ಬಂದವರು ಕೈಕಾಲು ತೊಳೆಯುವ ಮೊದಲೇ ಕತ್ತಿಯನ್ನು ಒಣಹುಲ್ಲಿನಲ್ಲಿ ಉಜ್ಜಿ, ಬಚ್ಚಲ ಒಲೆಯ ಕಾವಿಗೆ ಒಂದು ಗಳಿಗೆ ಹಿಡಿದು, ಹರಳೆಣ್ಣೆಯ ಬಟ್ಟೆಯಿಂದ ಒರೆಸಿ ಗೋಡೆಗೆ ಸಿಕ್ಕಿಸುತ್ತಿದ್ದರು. ನಾನು ಅವರ ತೋಟವನ್ನು ಉಳಿಸಿಕೊಂಡೆ, ಆ ರೂಢಿಯನ್ನು ಕೈಬಿಟ್ಟೆ. ಒಂದು ವರ್ಷದಿಂದ ಅದನ್ನೇ ಮತ್ತೆ ಕಲಿಯುತ್ತಿದ್ದೇನೆ. ಮಷಿನ್ ಇರುವ ಮನೆಯವರಿಗೆಲ್ಲ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತೇನೆ.

ಒಂದು ಹನಿ ಮಾಡುವ ಕೆಲಸ

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಮೂರೂ ಕೂಡಿದಲ್ಲಿ ತುಕ್ಕು. ಅದು ಹುಟ್ಟುವ ಬಗೆಯನ್ನು ಯಾರು ಬೇಕಾದರೂ ನೋಡಬಹುದು. ಚೆನ್ನಾಗಿ ಉಜ್ಜಿ ಬೆಳಗಿದ ಕತ್ತಿಯ ಮೇಲೆ ಒಂದು ಹನಿ ಉಪ್ಪುನೀರು ಬಿಟ್ಟು ಜಗಲಿಯಲ್ಲಿಡಿ, ಆಗಾಗ ಬಂದು ನೋಡಿ. ಮಧ್ಯದಲ್ಲಿ ಕಬ್ಬಿಣ ಮಸುಕಾಗಿರುತ್ತದೆ, ಅದರ ಸುತ್ತ ಬಳೆಯ ಹಾಗೆ ಕೆಂಪು ಉಂಗುರ ಏಳುತ್ತದೆ. ಹನಿಯ ಅಂಚಿಗೆ ಗಾಳಿ ಸಲೀಸಾಗಿ ತಾಗುತ್ತದೆ, ನಡುವಿನ ತಳಕ್ಕೆ ತಾಗುವುದಿಲ್ಲ. ಈ ವ್ಯತ್ಯಾಸದಿಂದ ಹನಿಯೊಳಗೆ ಪುಟ್ಟ ಬ್ಯಾಟರಿಯೇ ಏರ್ಪಡುತ್ತದೆ. ಗಾಳಿ ಕಡಿಮೆಯಿರುವ ನಡುವೆ ಕಬ್ಬಿಣ ಕರಗುತ್ತದೆ, ಕರಗಿದ್ದು ಅಂಚಿನತ್ತ ಬಂದು ಆಮ್ಲಜನಕ ಸೇರಿ ತುಕ್ಕಾಗಿ ಕೂರುತ್ತದೆ.

ಬ್ಲೇಡಿಗೂ ಗಾರ್ಡಿನ ಒಳಮೈಗೂ ಮೆತ್ತಿದ ಹಸಿಹುಲ್ಲು ಏಕೆ ಕೆಡುಕೆಂಬುದು ಇದರಿಂದ ತಿಳಿಯುತ್ತದೆ. ಹಸಿಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ. ಆ ಮುದ್ದೆಯ ಅಡಿಯಲ್ಲಿ ದಿನಗಟ್ಟಲೆ ತೇವ ಉಳಿಯುತ್ತದೆ, ಗಾಳಿ ಆಡುವುದಿಲ್ಲ, ಕೊಳೆಯುತ್ತ ಹುಳಿಯೂ ಬಿಡುತ್ತದೆ. ಹನಿಯಡಿಯಲ್ಲಿ ನಡೆದದ್ದು ಅಲ್ಲಿ ಅಂಗೈಯಗಲ ನಡೆಯುತ್ತದೆ.

ತುಕ್ಕಿಗೆ ಇನ್ನೊಂದು ಗುಣವಿದೆ. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಅದಕ್ಕೆ ಬೇಕು. ನಟ್ಟಿನ ಮರೆಯೊಳಗೆ ಉಬ್ಬಿ ಕೂತರೆ ಬೆಣೆ ಹೊಡೆದ ಹಾಗೆ ಬಿಗಿಯಾಗುತ್ತದೆ. ಬಯಲಲ್ಲಾದರೆ ಹಕ್ಕಳೆಯಾಗಿ ಉದುರಿ, ಕೆಳಗಿನ ಹೊಸ ಕಬ್ಬಿಣವನ್ನು ಮತ್ತೆ ನೀರಿಗೆ ತೆರೆದಿಡುತ್ತದೆ. ಅಲ್ಯೂಮಿನಿಯಂ ಹಾಗಲ್ಲ, ಅದರ ಮೇಲೆ ಕಟ್ಟುವ ತೆಳು ಪದರ ಗಟ್ಟಿಯಾಗಿ ಅಂಟಿಕೊಂಡು ಒಳಮೈಯನ್ನು ಕಾಯುತ್ತದೆ. ಒಂದೇ ಮಳೆ ತಿಂದರೂ ಮಷಿನ್‌ನ ಉದ್ದ ಕೊಳವೆ ಹೊಳೆಯುತ್ತಿದ್ದು ಬ್ಲೇಡು ಕೆಂಪಾಗುವುದು ಇದಕ್ಕೇ.

ನಮ್ಮ ಬ್ಯಾಣದ ತಲೆಯಲ್ಲಿ ನಿಂತರೆ ಕೊಡಚಾದ್ರಿ ಕಾಣುತ್ತದೆ. ಅಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಹಳೆಯ ಕಬ್ಬಿಣದ ಕಂಬವೊಂದು ಆ ಘಟ್ಟದ ಮಳೆಯಲ್ಲೇ ನಿಂತಿದೆ. ಲೋಹಶಾಸ್ತ್ರಜ್ಞರೂ ಬಂದು ಅದನ್ನು ಅಭ್ಯಾಸ ಮಾಡಿದ್ದಾರೆ. ಅದನ್ನು ಕಂಡಾಗಲೆಲ್ಲ ಹಿಂದಿನವರ ಕುಲುಮೆಗೆ ಕೈಮುಗಿಯುವ ಹಾಗಾಗುತ್ತದೆ. ಆದರೆ ನಮ್ಮ ಬ್ಲೇಡಿನ ಉಕ್ಕು ಬೇರೆ. ಹರಿತಕ್ಕೆಂದು ಹದ ಕೊಟ್ಟ ಆ ಉಕ್ಕನ್ನು ನಾವೇ ಕಾಯಬೇಕು.

ಮೈಲುತುತ್ತ, ಪೊಟ್ಯಾಷ್, ಒಂದೇ ಶೆಡ್ಡು

ಮಲೆನಾಡಿನ ಮಳೆಗಾಲದಲ್ಲಿ ಬ್ಲೇಡಿನ ಮೇಲೆ ನೀರು ಬೀಳಲೇಬೇಕೆಂದಿಲ್ಲ. ಗಾಳಿಯ ತೇವಾಂಶ ಶೇ. 60–70 ದಾಟಿದರೆ ಬರಿಯ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ, ತುಕ್ಕು ಚುರುಕಾಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಅದಕ್ಕಿಂತ ಒಣಗುವ ದಿನ ಅಪರೂಪ.

ಅದರ ಮೇಲೆ ನಾನು ಮಾಡಿದ ತಪ್ಪು ಇನ್ನೊಂದು. ಮಷಿನ್ ತೂಗುಹಾಕಿದ್ದ ಗೂಟದ ಕೆಳಗೇ ಬಾಯಿ ಬಿಚ್ಚಿದ ಪೊಟ್ಯಾಷ್ ಚೀಲವಿತ್ತು. ನಾವು ಅಡಿಕೆಮರಕ್ಕೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಡುಗೆ ಉಪ್ಪಿನ ಜಾತಿಯ ಲವಣ. ಮಳೆಗಾಲದ ಗಾಳಿಯಿಂದ ತಾನೇ ನೀರೆಳೆದುಕೊಂಡು ಒದ್ದೆಯಾಗುತ್ತದೆ. ಅದರ ಧೂಳು ಕೂತ ಕಬ್ಬಿಣ ಸಮುದ್ರತೀರದಲ್ಲಿಟ್ಟ ಕಬ್ಬಿಣದಂತೆಯೇ ತುಕ್ಕು ಹಿಡಿಯುತ್ತದೆ. ಗೊಬ್ಬರ ಮತ್ತು ಯಂತ್ರ ಒಂದೇ ಕೋಣೆಯಲ್ಲಿ ಇರಬಾರದು.

ಮೈಲುತುತ್ತದ ಕಥೆ ಅಡಿಕೆ ಬೆಳೆಗಾರರಿಗೆಲ್ಲ ಗೊತ್ತು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿದ ಕಾಲದಿಂದ, ಅಂದರೆ ನೂರು ವರ್ಷಕ್ಕೂ ಮೇಲಿಂದ, ನಮ್ಮ ಕಡೆ ಬೋರ್ಡೋ ದ್ರಾವಣ ಹೊಡೆಯುತ್ತ ಬಂದಿದ್ದೇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಹೊಳೆಯುವ ಚೂರಿಯನ್ನು ಅದ್ದಿ ನೋಡುತ್ತೇವೆ. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ನಾನು ಚಿಕ್ಕವನಿದ್ದಾಗ ಅದನ್ನು ತುಕ್ಕೆಂದೇ ತಿಳಿದಿದ್ದೆ. ಅದು ತಾಮ್ರ. ಮೈಲುತುತ್ತದಲ್ಲಿ ಸುಣ್ಣ ಹಿಡಿದಿಡದೆ ಉಳಿದ ತಾಮ್ರ ಚೂರಿಯ ಮೇಲೆ ಬಂದು ಕೂರುತ್ತದೆ, ಅದರ ಬದಲಿಗೆ ಚೂರಿಯ ಕಬ್ಬಿಣ ನೀರಿಗಿಳಿಯುತ್ತದೆ. ಹಾಗೆ ತಾಮ್ರ ಕೂತ ಕಬ್ಬಿಣ ಮುಂದೆ ಇನ್ನೂ ಬೇಗ ತುಕ್ಕಾಗುತ್ತದೆ. ಮೈಲುತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸುವುದು ಇದೇ ಕಾರಣಕ್ಕೆ. ಅದರ ಪುಡಿ ಚೆಲ್ಲಿದ ಜಾಗದಲ್ಲಿ ಬ್ಲೇಡು, ಪಾನಾ ಇಡಬೇಡಿ.

ಹಿಡಿದ ತುಕ್ಕನ್ನು ಬಿಡಿಸುವುದು

ಮೊದಲು ಸ್ಪಾರ್ಕ್ ಪ್ಲಗ್ಗಿನ ಟೋಪಿ ಎಳೆದಿಡಿ. ಅದಾಗದೆ ಬ್ಲೇಡಿಗೆ ಕೈ ಹಾಕಬಾರದು.

ನಟ್ಟು ಬಿಗಿದಿದ್ದರೆ ಬುಡಕ್ಕೆ ನಾಲ್ಕು ಹನಿ ಡೀಸೆಲ್ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಗೇರ್‌ಹೆಡ್ಡಿನ ತೂತಿಗೆ ಕಡ್ಡಿ ತೂರಿಸಿ ತಿರುಗದಂತೆ ತಡೆದು ಪಾನಾ ಹಾಕಿ. ಈ ಮಷಿನ್‌ಗಳಲ್ಲಿ ಬ್ಲೇಡಿನ ನಟ್ಟಿಗೆ ಸಾಮಾನ್ಯವಾಗಿ ಉಲ್ಟಾ ಮರೆ. ಬಲಕ್ಕೆ, ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಸಡಿಲ. ಹೋದ ವರ್ಷ ನಾನು ಅವಸರದಲ್ಲಿ ಎಡಕ್ಕೆ ಎಳೆದು ಇನ್ನಷ್ಟು ಬಿಗಿ ಮಾಡಿದ್ದೆ.

ಮೇಲುಮೇಲಿನ ತುಕ್ಕಾದರೆ ತಂತಿ ಬ್ರಷ್, ಆಮೇಲೆ ಮರಳು ಕಾಗದ ಸಾಕು. ಗ್ರೈಂಡರ್ ಹಿಡಿಯುವವರು ಬ್ಲೇಡನ್ನು ಕಾಯಿಸಬಾರದು. ಅಂಚಿಗೆ ನೀಲಿ ಬಣ್ಣ ಬಂದರೆ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಆಳಕ್ಕೆ ಇಳಿದ ತುಕ್ಕಿಗೆ ಹುಳಿ ಬೇಕು. ನಮ್ಮಮ್ಮ ಮೆಟ್ಟುಗತ್ತಿ ಕೆಂಪಾದರೆ ಬಿಂಬುಳಿ ಕಾಯಿಯನ್ನು ಅಡ್ಡ ಸೀಳಿ, ಸೀಳಿದ ಮುಖದಿಂದ ಅಲಗನ್ನು ತಿಕ್ಕುತ್ತಿದ್ದಳು. ನೊರೆ ಕಂದಾಗಿ ಇಳಿಯುತ್ತಿತ್ತು, ಅಡಿಯಲ್ಲಿ ಬೂದು ಬಣ್ಣದ ಕಬ್ಬಿಣ ಕಾಣುತ್ತಿತ್ತು. ಬಿಂಬುಳಿಯಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಹುಣಸೆಹುಳಿಯೂ ಸ್ವಲ್ಪ ನಿಧಾನವಾಗಿ ಅದೇ ಕೆಲಸ ಮಾಡುತ್ತದೆ. ಇಡೀ ಬ್ಲೇಡಿಗಾದರೆ ನಾನು ಪ್ಲಾಸ್ಟಿಕ್ ಟಬ್ಬಿನಲ್ಲಿ ಮುಳುಗುವಷ್ಟು ಅಡುಗೆಯ ವಿನೆಗರ್ ಸುರಿದು ಒಂದು ರಾತ್ರಿ ನೆನೆಹಾಕುತ್ತೇನೆ. ಹೆಚ್ಚು ದಿನ ಬಿಟ್ಟರೆ ತುಕ್ಕು ಮುಗಿದ ಮೇಲೆ ಹುಳಿ ಒಳ್ಳೆಯ ಕಬ್ಬಿಣವನ್ನೇ ತಿನ್ನುತ್ತದೆ. ಪಾಯಿಖಾನೆ ತೊಳೆಯುವ ಆ್ಯಸಿಡ್ಡನ್ನಂತೂ ಮುಟ್ಟಬೇಡಿ. ಹದ ಕೊಟ್ಟ ಉಕ್ಕು ಅದರಿಂದ ಪೆಡಸಾಗಿ, ತಿರುಗುವಾಗ ಒಡೆಯುವ ಅಪಾಯವಿದೆ.

ಹುಳಿಯಿಂದ ತೆಗೆದ ಮೇಲೆ ನೀರಿನಲ್ಲಿ ಉಜ್ಜಿ, ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ ಹುಳಿ ಮುರಿಯಬೇಕು. ತೊಳೆದ ತಕ್ಷಣ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೋ ಒಲೆಯ ಕಾವಿಗೋ ಹಿಡಿದು, ಬಿಸಿಯಿರುವಾಗಲೇ ಎಣ್ಣೆ ಸವರಬೇಕು. ಆಗಷ್ಟೇ ತೊಳೆದ ಕಬ್ಬಿಣ ಬರಿಮೈಯಲ್ಲಿರುತ್ತದೆ, ಊಟ ಮಾಡಿ ಬರುವಷ್ಟರಲ್ಲಿ ಮತ್ತೆ ಹಳದಿಗಟ್ಟುತ್ತದೆ.

ಗಾರ್ಡಿನ ಕ್ಲಾಂಪು, ಸ್ಟ್ಯಾಂಡಿನಂಥ ಅಲುಗಾಡದ ಭಾಗಗಳಿಗೆ ಬಣ್ಣದಂಗಡಿಯಲ್ಲಿ ತುಕ್ಕನ್ನು ಕಪ್ಪಾಗಿಸುವ ದ್ರವ ಸಿಗುತ್ತದೆ. ಕೆಲವುಗಳಲ್ಲಿರುವುದು ಟ್ಯಾನಿಕ್ ಆಮ್ಲ. ಅದು ತುಕ್ಕಿನ ಜೊತೆ ಸೇರಿ ಕಪ್ಪು ಪದರವಾಗಿ ಗಟ್ಟಿಯಾಗುತ್ತದೆ, ಮೇಲೆ ಬಣ್ಣ ಹೊಡೆಯಬಹುದು. ಹಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಕಪ್ಪಾಗುವುದು, ಅಣಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದುದು, ಎಲ್ಲ ಇದೇ ಗುಣದಿಂದ.

ಎಲ್ಲ ಬ್ಲೇಡೂ ಉಳಿಸುವಂಥದ್ದಲ್ಲ. ತುಕ್ಕು ತೆಗೆದ ಮೇಲೆ ನಡುವಿನ ತೂತಿನ ಸುತ್ತ ಮತ್ತು ಹಲ್ಲಿನ ಬುಡದಲ್ಲಿ ಸೀಳಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿ. ಬೆರಳಿಗೆ ತೂಗುಬಿಟ್ಟು ಮರದ ಹಿಡಿಯಿಂದ ತಟ್ಟಿ. ಗಟ್ಟಿ ಬ್ಲೇಡು ಗಂಟೆಯ ಹಾಗೆ ನಿನದಿಸುತ್ತದೆ, ಸೀಳು ಬಿಟ್ಟದ್ದು ಒಡಕು ಮಡಕೆಯ ಹಾಗೆ. ಸೀಳಿದ್ದರೆ ಗುಜರಿಗೆ ಹಾಕಿ. ವೆಲ್ಡಿಂಗ್ ಮಾಡಿಸಬೇಡಿ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತುಂಡು ಅದು.

ತುಕ್ಕು ತಾಗಿದರೆ ಧನುರ್ವಾಯು ಬರುತ್ತದೆ ಎಂಬ ಮಾತಿದೆ. ಧನುರ್ವಾಯು ತರುವುದು ಮಣ್ಣು, ಸಗಣಿಯಲ್ಲಿರುವ ಬ್ಯಾಕ್ಟೀರಿಯಾ. ಹೊಳೆಯುವ ಕತ್ತಿಯ ಗಾಯದಿಂದಲೂ ಬರಬಹುದು. ತೋಟದಲ್ಲಿ ದುಡಿಯುವವರು ಚುಚ್ಚುಮದ್ದು ತಪ್ಪಿಸಬಾರದು.

ಬರದ ಹಾಗೆ ಕಾಯುವುದು

ಕೆಲಸ ಮುಗಿದ ಕೂಡಲೇ ಹತ್ತು ನಿಮಿಷ ಕೊಡಿ. ಎಂಜಿನ್ ಆರಲಿ. ಮರದ ಚೆಕ್ಕೆಯಲ್ಲಿ ಗಾರ್ಡಿನೊಳಗಿನ ಹುಲ್ಲು ಕೆರೆದು ತೆಗೆಯಿರಿ. ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಪೈಪು ಹಿಡಿದು ಜೋರಾಗಿ ನೀರು ಬಿಟ್ಟರೆ ಅದು ಬೇರಿಂಗಿನೊಳಗೆ ಹೋಗಿ ಕೂರುತ್ತದೆ. ನನ್ನ ಗೇರ್‌ಹೆಡ್ಡಿಗೆ ಆದದ್ದು ಅದೇ. 20–25 ಗಂಟೆ ದುಡಿದ ಮೇಲೆ ಗೇರ್‌ಹೆಡ್ಡಿನ ಸ್ಕ್ರೂ ಬಿಚ್ಚಿ ಹೊಸ ಗ್ರೀಸು ಕೊಡಿ. ನಟ್ಟಿನ ಮರೆಗೂ ಒಂದಿಷ್ಟು ಸವರಿ.

ಬ್ಲೇಡಿಗೆ 2ಟಿ ಆಯಿಲ್ ತೆಳ್ಳಗೆ ಹಚ್ಚಿದರೆ ಸಾಕು. ಗ್ಯಾರೇಜಿನ ಕರಿ ಆಯಿಲ್ ಪುಕ್ಕಟೆ ಸಿಗುತ್ತದೆ, ಆದರೆ ಉರಿದ ಎಂಜಿನ್‌ನ ಹುಳಿ, ತೇವ, ಲೋಹದ ಪುಡಿ ಎಲ್ಲ ಅದರಲ್ಲಿವೆ. ಚರ್ಮಕ್ಕೂ ತೋಟದ ಮಣ್ಣಿಗೂ ಒಳ್ಳೆಯದಲ್ಲ.

ತಿಂಗಳುಗಟ್ಟಲೆ ಇಡುವುದಾದರೆ ಪೆಟ್ರೋಲು ಪೂರ್ತಿ ತೆಗೆಯಿರಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ, ಎಥೆನಾಲ್ ತೇವ ಹೀರುತ್ತದೆ. ಹೆಚ್ಚಾದಾಗ ನೀರು ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿದು ಒಳಗಿನಿಂದ ಕೆಡಿಸುತ್ತದೆ. ಟ್ಯಾಂಕು ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ತಣಿದ ಮೇಲೆ ಪ್ಲಗ್ ಬಿಚ್ಚಿ, ತೂತಿಗೆ ಒಂದು ಚಮಚ 2ಟಿ ಆಯಿಲ್ ಬಿಟ್ಟು ಹಗ್ಗವನ್ನು ಎರಡು ಮೂರು ಸಲ ಮೆಲ್ಲಗೆ ಎಳೆಯಿರಿ. ಪ್ಲಗ್ ಹಾಕಿ, ಹಗ್ಗ ಬಿಗಿ ಅನ್ನಿಸುವಲ್ಲಿ ನಿಲ್ಲಿಸಿ. ಆಗ ಪಿಸ್ಟನ್ ಮೇಲೆ ಬಂದು ಕಿಂಡಿಗಳು ಮುಚ್ಚಿರುತ್ತವೆ, ತೇವದ ಗಾಳಿ ಒಳಗೆ ಹೋಗದು.

ಮಷಿನ್ ನೆಲಕ್ಕೆ ತಾಗದಂತೆ ತೂಗುಹಾಕಿ. ಮೇಲೆ ಹೊದಿಸುವುದಿದ್ದರೆ ಹಳೆಯ ಪಂಚೆ ಸಾಕು. ಪ್ಲಾಸ್ಟಿಕ್ ತಾಡಪಾಲು ಬಿಗಿದರೆ ಒಳಗೆ ಬೆವತು ನೀರು ಕೂರುತ್ತದೆ. ಬಿಚ್ಚಿದ ಬ್ಲೇಡು, ಕತ್ತಿಗಳಿಗೆ ಬಚ್ಚಲ ಒಲೆಯ ಹತ್ತಿರದ ಬೆಚ್ಚಗಿನ ಗೋಡೆ ಈಗಲೂ ಒಳ್ಳೆಯ ಜಾಗ. ಪೆಟ್ರೋಲಿನ ಮಷಿನ್ ಮಾತ್ರ ಆ ಕಡೆ ಸುಳಿಯಬಾರದು.

ಪೇಟೆಯಲ್ಲಿ ಮನೆಮುಂದಿನ ಹುಲ್ಲುಹಾಸಿಗೆ ತಳ್ಳುವ ಲಾನ್ ಮೂವರ್ ಇಟ್ಟವರಿಗೂ ಇದೇ ಮಾತು. ಅದರ ತಗಡಿನ ಹೊಟ್ಟೆಯೊಳಗೆ ಹುಲ್ಲು ರೊಟ್ಟಿಯ ಹಾಗೆ ಮೆತ್ತಿರುತ್ತದೆ. ಪ್ಲಗ್ಗಿನ ಟೋಪಿ ತೆಗೆದು, ಏರ್ ಫಿಲ್ಟರ್ ಇರುವ ಬದಿ ಮೇಲೆ ಬರುವಂತೆ ಓರೆ ಮಾಡಿ ಕೆರೆಯಿರಿ. ಬಣ್ಣ ಎದ್ದಲ್ಲಿ ಉಜ್ಜಿ ಮತ್ತೆ ಬಣ್ಣ ಹಚ್ಚಿ.

ಈ ವರ್ಷದ ಮಹಾನವಮಿಗೆ ಮಷಿನ್ ಇಳಿಸಿ ಪಾನಾ ಹಾಕಿದೆ. ಬಲಕ್ಕೆ ಒಂದು ಒತ್ತು ಕೊಟ್ಟೆ, ನಟ್ಟು ಸಲೀಸಾಗಿ ತಿರುಗಿತು. ಬ್ಲೇಡಿಗೆ ಗಂಧ, ಕುಂಕುಮ ಹಚ್ಚಿ ಹೂವಿಟ್ಟು ಪೂಜೆ ಮಾಡಿದೆವು. ಸಂಜೆ ದೀಪ ಹಚ್ಚುವ ಮೊದಲು ಮತ್ತೆ ಅಂಗಳಕ್ಕಿಳಿದೆ. ತೇಯ್ದ ಗಂಧದಲ್ಲೂ ನೀರಿರುತ್ತದೆ. ಹೂವು ತೆಗೆದು, ಗಂಧವನ್ನು ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ಅಪ್ಪಯ್ಯನ ಹುಲ್ಲುಗತ್ತಿಯ ಪಕ್ಕದ ಮೊಳೆಗೆ ಬ್ಲೇಡನ್ನು ಸಿಕ್ಕಿಸಿದೆ.