ನಿಮಗಿದು ಗೊತ್ತೆ? ಉಕ್ಕನ್ನೇ ತಿನ್ನುವ ತೈಲ
ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಬಂಕುಗಳಲ್ಲಿ ಟ್ರ್ಯಾಕ್ಟರಿಗೆ ತುಂಬಿಸುವ ಡೀಸೆಲ್ಲಿನ ಮೂಲ ಕಚ್ಚಾ ತೈಲ. ಅದರಲ್ಲಿ ನ್ಯಾಫ್ತೆನಿಕ್ ಆಮ್ಲಗಳು ಹೆಚ್ಚಿದ್ದರೆ 220ರಿಂದ 400 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸಂಸ್ಕರಣಾಗಾರದ ಉಕ್ಕಿನ ಕೊಳವೆಗಳನ್ನೇ ತಿಂದುಹಾಕುತ್ತವೆ! ಒಂದು ಗ್ರಾಂ ತೈಲದ ಆಮ್ಲವನ್ನು ತಟಸ್ಥಗೊಳಿಸಲು 0.5 ಮಿಲಿಗ್ರಾಂಗಿಂತ ಹೆಚ್ಚು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕಾದರೆ ಎಚ್ಚರಿಕೆ ಅಗತ್ಯ. ಈ ಆಮ್ಲವನ್ನು ಟೈಟ್ರೇಷನ್ ಮಾಡಿ, ಅಂದರೆ ಹನಿಹನಿಯಾಗಿ ಕ್ಷಾರ ಸೇರಿಸಿ, ಅಳೆಯುವುದು ರೂಢಿ. ರೋಹಿತದರ್ಶನ ಇನ್ನೊಂದು ದಾರಿ: ತೈಲದ ತೆಳುಪದರಕ್ಕೆ ಅವಕೆಂಪು ಕಿರಣ ಹಾಯಿಸಿದರೆ, ಆಮ್ಲದ ಕಾರ್ಬಾಕ್ಸಿಲ್ ಗುಂಪು ಸೆಂಟಿಮೀಟರಿಗೆ ಸುಮಾರು 1,700 ಅಲೆಗಳ ಜಾಗದಲ್ಲಿ ಅದನ್ನು ಹೀರಿ, ನಕ್ಷೆಯಲ್ಲಿ ತನ್ನ ಗುರುತು ಬಿಡುತ್ತದೆ. ಆಫ್ರಿಕಾದ ಚಾಡ್ ದೇಶದ ಡೋಬಾ ತೈಲ ಆಮ್ಲಕ್ಕೆ ಹೆಸರುವಾಸಿ. ಹಾಗೆಂದು ಇಂಥದ್ದನ್ನು ಯಾರೂ ಚೆಲ್ಲುವುದಿಲ್ಲ. ಅಗ್ಗಕ್ಕೆ ಸಿಗುವುದರಿಂದ, ಆಮ್ಲ ಕಡಿಮೆಯಿರುವ ತೈಲದೊಂದಿಗೆ ಬೆರೆಸಿ ಸಂಸ್ಕರಿಸುತ್ತಾರೆ. ಅಂದಹಾಗೆ, ಕರ್ನಾಟಕದ ತೈಲ ಸಂಸ್ಕರಣಾಗಾರ ಮಂಗಳೂರಿನ ಎಂಆರ್‌ಪಿಎಲ್. ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್.